‘ಒಲ್ಲೆ’ ಅಂದ ಮೇಲೆ ಏನು? ಕಾಲೇಜಿನ ಗ್ರೂಪ್ ಪ್ರಾಜೆಕ್ಟ್‌ಗಳು ಮುಟ್ಟದ ಪ್ರಶ್ನೆ

ಪ್ರೀತಿ, ಮದುವೆ ವಿಷಯದಲ್ಲಿ ಕೋರ್ಟಿನಿಂದ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲ ಆಗುತ್ತದೆ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಬೆಳಗಾವಿ ಜಿಲ್ಲೆಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಮದುವೆಗೆ ಒಪ್ಪಿದ ಮೇಲೆ ಮನೆಯವರ, ಕುಲದವರ ಒಪ್ಪಿಗೆ ಬೇಕಾಗಿಲ್ಲ ಎಂದಿತು. 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಇನ್ನೊಂದು ಮಾತು ಹೇಳಿತು. 16 ದಾಟಿದ ಹುಡುಗಿಯರು ಪ್ರೀತಿಸಿ ಹೋದ ಪ್ರಕರಣಗಳು ಪೋಕ್ಸೋ (18ರ ಕೆಳಗಿನ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಕಾಯ್ದೆ) ಅಡಿ ಬರುತ್ತಿವೆ, ಒಪ್ಪಿಗೆಯ ವಯಸ್ಸಿನ ಮಿತಿ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಲಿ ಎಂದಿತು. 2023ರ ಸೆಪ್ಟೆಂಬರ್‌ನಲ್ಲಿ ಆಯೋಗ ವರದಿ ಕೊಟ್ಟು, 18ರ ಮಿತಿ ಇಳಿಸಬೇಡಿ ಎಂದಿತು. 2025ರಲ್ಲಿ ಅದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಕೇಂದ್ರ ಸರ್ಕಾರವೂ ಇಳಿಸಲು ಒಪ್ಪಲಿಲ್ಲ.

ಹಾಗಾದರೆ ಕಾನೂನು ಪ್ರೀತಿಯ ಪರವಾಗಿದೆಯೋ ವಿರುದ್ಧವಾಗಿದೆಯೋ?

ಇದರ ಜೊತೆಗೆ ಇನ್ನೊಂದು ಬೆಳವಣಿಗೆ ಇದೆ. ಧಾರವಾಡ ಪೀಠ ಅದೇ ತೀರ್ಪಿನಲ್ಲಿ, 9ನೇ ತರಗತಿಯಿಂದ ಮುಂದಿನ ಮಕ್ಕಳಿಗೆ ಪೋಕ್ಸೋ ಬಗ್ಗೆ ತಿಳಿಸಿಕೊಡಲು ಶಿಕ್ಷಣ ಇಲಾಖೆ ಪಾಠ ಸಾಮಗ್ರಿ ಸಿದ್ಧಪಡಿಸಲಿ ಎಂದೂ ಹೇಳಿತ್ತು. ಆದರೆ ಏನು ಮಾಡಿದರೆ ಜೈಲು ಅಂತ ಹೇಳಿದರೆ ಅರ್ಧ ಪಾಠ ಆಯಿತು, ಅಷ್ಟೇ. ಪ್ರೀತಿ ಅಂದರೆ ಹೀಗೆ ಅನ್ನುವ ಕಲ್ಪನೆ ಹುಡುಗರ ತಲೆಗೆ ಬರುವುದು ರೀಲ್ಸ್, ಸೀರಿಯಲ್, ಸಿನಿಮಾ, ಹಾಡುಗಳಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಪತ್ರಿಕೋದ್ಯಮ, ಸಮಾಜಶಾಸ್ತ್ರ, ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು ಗ್ರೂಪ್ ಪ್ರಾಜೆಕ್ಟ್‌ಗೆ ಈ ವಿಷಯ ಹಿಡಿದಾಗ ಪಾಲಕರು ಗಾಬರಿಯಾಗುತ್ತಾರೆ. ಕಾಲೇಜಿನವರೇ ಪ್ರೀತಿಯ ಪಾಠ ಮಾಡುವುದಾ ಅನ್ನುತ್ತಾರೆ. ಇಂಥ ಪ್ರಾಜೆಕ್ಟ್‌ಗಳಿಂದ ಏನು ಸಾಧ್ಯ, ಅವು ಎಲ್ಲಿ ಎಡವುತ್ತವೆ, ಎಡವಿದರೆ ಪೆಟ್ಟು ಯಾರಿಗೆ? ಒಂದೊಂದಾಗಿ ನೋಡೋಣ.

ಕಾನೂನು ಕೇಳುವುದು ಒಂದೇ ಪ್ರಶ್ನೆ

ಮೇಲಿನ ತೀರ್ಪುಗಳು ಒಂದಕ್ಕೊಂದು ವಿರುದ್ಧ ಅನಿಸುತ್ತವೆ, ಆದರೆ ಅಲ್ಲ. 18ರ ಕೆಳಗೆ ಹುಡುಗಿ ಒಪ್ಪಿದರೂ ಕಾನೂನು ಅದನ್ನು ಒಪ್ಪಿಗೆ ಅಂತ ಎಣಿಸುವುದಿಲ್ಲ. 18ರ ಮೇಲೆ ಅವಳ ಒಪ್ಪಿಗೆ ಬಿಟ್ಟು ಬೇರೆ ಯಾರ ಒಪ್ಪಿಗೆಯನ್ನೂ ಎಣಿಸುವುದಿಲ್ಲ. ಜಗಳ ಇರುವುದು 16 ಮತ್ತು 18ರ ನಡುವಿನ ಎರಡು ವರ್ಷಗಳ ಬಗ್ಗೆ.

2021ರ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲಸದಲ್ಲಿದ್ದ, ಓದಿದ ಯುವತಿ ತಾನೇ ಆರಿಸಿಕೊಂಡವನನ್ನು ಮದುವೆಯಾದಳು. ಮನೆಯವರು ಮಗಳು ಕಾಣೆ ಎಂದು ದೂರು ಕೊಟ್ಟರು. ತಾನು ಮದುವೆಯಾಗಿದ್ದೇನೆ ಎಂದು ಅವಳು ತಿಳಿಸಿದ ಮೇಲೂ ಮುರಗೋಡ ಠಾಣೆಯ ತನಿಖಾಧಿಕಾರಿ, ಠಾಣೆಗೇ ಬಂದು ಹೇಳಿಕೆ ಕೊಡಬೇಕು ಎಂದು ಪಟ್ಟು ಹಿಡಿದರು. ಸುಪ್ರೀಂ ಕೋರ್ಟ್ ಎಫ್‌ಐಆರ್ ರದ್ದು ಮಾಡಿತು. ಇಂಥ ಪ್ರಕರಣ ಹೇಗೆ ನಿಭಾಯಿಸಬೇಕು ಅಂತ ಪೊಲೀಸರಿಗೆ ತರಬೇತಿ ಕೊಡಿ, ಎಂಟು ವಾರದೊಳಗೆ ಮಾರ್ಗಸೂಚಿ ಮಾಡಿ ಎಂದಿತು.

ಇನ್ನು ಹಿಂಬಾಲಿಸುವ ಅಪರಾಧ. 2012ರ ದೆಹಲಿ ಪ್ರಕರಣದ ನಂತರ, 2013ರಲ್ಲಿ ಇದು ಕಾನೂನಿಗೆ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೇ ಕಲಂ. ಆಸಕ್ತಿ ಇಲ್ಲ ಎಂದು ಹೆಣ್ಣು ಸ್ಪಷ್ಟವಾಗಿ ತಿಳಿಸಿದ ಮೇಲೂ ಪದೇ ಪದೇ ಹಿಂದೆ ಹೋಗುವುದು, ಮಾತಾಡಿಸಲು ನೋಡುವುದು ಅಪರಾಧ. ಅವಳು ಇಂಟರ್ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ಕಣ್ಣಿಡುವುದೂ ಅಪರಾಧ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಹಿಂದೆ ಬೀಳುವುದಕ್ಕೆ ಸಂಬಂಧಿಸಿದ ಭಾಗ ಇಡಿಯಾಗಿ ನಿಂತಿರುವುದು ಅವಳು ಒಲ್ಲೆ ಅಂದಳೇ ಇಲ್ಲವೇ ಅನ್ನುವುದರ ಮೇಲೆ. ನಮ್ಮ ಸಿನಿಮಾ, ಹಾಡುಗಳ ಕಥೆ ಸರಿಯಾಗಿ ಅಲ್ಲಿಂದಲೇ ಶುರುವಾಗುತ್ತದೆ. ನಾಯಕಿ ಒಲ್ಲೆ ಅಂದಾಗ ಇಂಟರ್ವಲ್‌ಗೆ ಇನ್ನೂ ಮುಕ್ಕಾಲು ಗಂಟೆ ಇರುತ್ತದೆ.

ಹನ್ನೆರಡು ಸುಳ್ಳುಗಳ ಪಟ್ಟಿ

ಮಾಧ್ಯಮ ಪ್ರೀತಿಯ ಬಗ್ಗೆ ಹೇಳುವ ಸುಳ್ಳುಗಳನ್ನು ಪಟ್ಟಿ ಮಾಡಿ ವಿದ್ಯಾರ್ಥಿಗಳ ಕೈಗೆ ಕೊಡುವ ಪದ್ಧತಿಗೆ ಹೆಸರಾದವರು ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಮೇರಿ-ಲೌ ಗ್ಯಾಲಿಷಿಯನ್. ಅವರ ಪಟ್ಟಿಯಲ್ಲಿ 12 ಇವೆ. ಜೋಡಿ ಮೇಲೆಯೇ ಬರೆದಿರುತ್ತದೆ. ಮೊದಲ ನೋಟದಲ್ಲೇ ಪ್ರೀತಿ ಆಗುತ್ತದೆ. ನಿಜವಾಗಿ ಪ್ರೀತಿಸುವವರಿಗೆ ಮನಸ್ಸಿನಲ್ಲಿರುವುದು ಹೇಳದೆಯೇ ತಿಳಿಯುತ್ತದೆ. ಒಳ್ಳೆಯ ಹೆಣ್ಣಿನ ಪ್ರೀತಿ ಕೆಟ್ಟ ಗಂಡನ್ನು ತಿದ್ದುತ್ತದೆ. ಜಾಸ್ತಿ ಜಗಳ ಅಂದರೆ ಜಾಸ್ತಿ ಪ್ರೀತಿ. ಹೀಗೆ ಸಾಗುತ್ತದೆ.

ಈ ಪಟ್ಟಿಯನ್ನು ಹಾಗೇ ತಂದು ಜಮಖಂಡಿಯ ಕ್ಲಾಸಿನಲ್ಲಿ ಅಂಟಿಸಿದರೆ ಕೆಲಸ ನಡೆಯುವುದಿಲ್ಲ. ಅದರಲ್ಲಿ ಕೆಲವು ಇಲ್ಲಿ ಬೇರೆ ವೇಷದಲ್ಲಿವೆ. ಜೋಡಿ ಮೇಲೆ ಬರೆದಿದೆ ಅನ್ನುವುದು ನಮ್ಮಲ್ಲಿ ಪ್ರೀತಿಸುವವರ ಮಾತಷ್ಟೇ ಅಲ್ಲ, ಮದುವೆ ಗೊತ್ತು ಮಾಡುವ ಹಿರಿಯರ ಮಾತೂ ಹೌದು. ಅಕ್ಕನ ಮಗಳು, ಸೋದರತ್ತೆಯ ಮಗಳು ಅಂದರೆ ಹುಟ್ಟಿದಾಗಲೇ ಗೊತ್ತಾದವಳು ಅನ್ನುವ ಲೆಕ್ಕ ಈ ಮೂರೂ ಜಿಲ್ಲೆಗಳಲ್ಲಿ ಇನ್ನೂ ಇದೆ. ಹಾಡಿನಲ್ಲಿ ಅದು ಚೇಷ್ಟೆ. ಮನೆಯಲ್ಲಿ ಅದು ಹಕ್ಕು. ಆ ಹುಡುಗಿ ಓದಬೇಕು ಅಂದಾಗ ಆ ಹಕ್ಕು ಬಿಟ್ಟುಕೊಡುವುದು ಮಾವನ ಮನೆಯವರಿಗೆ ಕಷ್ಟ.

ಜಗಳವೇ ಪ್ರೀತಿ ಅನ್ನುವುದಕ್ಕೆ ನಮ್ಮಲ್ಲಿ ಗಾದೆಯೇ ಇದೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಸಣ್ಣ ಮುನಿಸಿಗೆ ಈ ಮಾತು ಸರಿ. ಆದರೆ ಹೊಡೆತಕ್ಕೂ ಇದನ್ನೇ ಹಚ್ಚಿದಾಗ ಏನಾಗುತ್ತದೆ? 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ಕರ್ನಾಟಕದಲ್ಲಿ ಶೇ 44. ಅದರ ಹಿಂದಿನ ಸುತ್ತಿನಲ್ಲಿ ಇದು ಶೇ 21ರ ಹತ್ತಿರ ಇತ್ತು. ಯಾವುದೋ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಎಂದವರು ರಾಜ್ಯದ ಗಂಡಸರಲ್ಲಿ ಸುಮಾರು ಶೇ 82, ಹೆಂಗಸರಲ್ಲಿ ಸುಮಾರು ಶೇ 77. ಎರಡನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ಪೆಟ್ಟು ತಿನ್ನುವ ಕಡೆಯವರೂ ಅದನ್ನು ತಪ್ಪು ಅನ್ನುತ್ತಿಲ್ಲ.

ಸೀರಿಯಲ್‌ನಲ್ಲಿ ಬಲವಂತವಾಗಿ ತಾಳಿ ಕಟ್ಟುವ ದೃಶ್ಯ ಬಂದರೆ, ಇನ್ನೂರು ಸಂಚಿಕೆ ಆದ ಮೇಲೆ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ ಅಂತ ನೋಡುವವರಿಗೆ ಮೊದಲೇ ಗೊತ್ತು. ಕಾನೂನಿನಲ್ಲಿ ಹಾಗಿಲ್ಲ. ಮದುವೆಗೆ ಒತ್ತಾಯಿಸಲು ಹೆಣ್ಣನ್ನು ಅಪಹರಿಸಿದರೆ 10 ವರ್ಷದವರೆಗೆ ಶಿಕ್ಷೆ ಇದೆ. ಒತ್ತಾಯದಿಂದ ಆದ ಮದುವೆಯನ್ನು, ಒತ್ತಾಯ ನಿಂತ ಒಂದು ವರ್ಷದೊಳಗೆ ಹಿಂದೂ ವಿವಾಹ ಕಾಯ್ದೆಯಡಿ ರದ್ದು ಮಾಡಿಸಿಕೊಳ್ಳಬಹುದು. ತಾಳಿ ಬಿದ್ದಿತು, ಇನ್ನೇನು ಮಾಡೋದು ಅನ್ನುವ ಮಾತಿಗೆ ಕಾನೂನಿನ ಬೆಂಬಲ ಇಲ್ಲ.

ಟ್ರ್ಯಾಕ್ಟರ್ ಮೇಲಿನ ಹಾಡು

ಈ ಭಾಗದ ಹುಡುಗರು ಪ್ರೀತಿಯ ಬಗ್ಗೆ ಏನು ಕೇಳುತ್ತಾರೆ ಅಂತ ತಿಳಿಯಬೇಕಾದರೆ ಬೆಂಗಳೂರಿನ ಸಿನಿಮಾ ಸಾಕಾಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ರಸ್ತೆಯಲ್ಲಿ ನಿಂತರೆ ಸಾಕು. ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ನಿಂದ ದೊಡ್ಡ ಸೌಂಡಿನಲ್ಲಿ ಹಾಡು ಬರುತ್ತಿರುತ್ತದೆ. ಯೂಟ್ಯೂಬಿನಲ್ಲಿ ಇವನ್ನು ಉತ್ತರ ಕರ್ನಾಟಕ ಜಾನಪದ ಅನ್ನುತ್ತಾರೆ. ಸಣ್ಣ ಸ್ಟುಡಿಯೊದಲ್ಲಿ ರೆಕಾರ್ಡ್ ಆಗಿ ನೇರ ಮೊಬೈಲಿಗೆ ಬರುತ್ತವೆ. ಥಿಯೇಟರಿನ ಸಿನಿಮಾಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಇವಕ್ಕೆ ಬೇಡ.

ಇವುಗಳಲ್ಲಿ ಪದೇ ಪದೇ ಬರುವ ಕಥೆ ಒಂದಿದೆ. ಹುಡುಗ ಒಕ್ಕಲುತನದವನು ಅಥವಾ ಡ್ರೈವರ್. ಹುಡುಗಿ ಮೊದಲು ಮಾತಾಡಿದ್ದಳು, ಈಗ ನೌಕರಿ ಇರುವ ವರನಿಗೆ ಕೊರಳು ಕೊಟ್ಟಳು. ತಪ್ಪು ಯಾರದು? ಅವಳದು. ಅಪ್ಪ ಗೊತ್ತು ಮಾಡಿದ ಮದುವೆಗೂ ಮೋಸ ಮಾಡಿದವಳು ಅವಳೇ.

ಈ ದುಃಖ ಸುಳ್ಳಲ್ಲ. ಒಕ್ಕಲುತನ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅನ್ನುವುದು ಇಲ್ಲಿ ಪ್ರತಿ ಊರಿನ ಕಟ್ಟೆಯ ಮಾತು. ಹೆಣ್ಣಿನ ಮನೆಯವರು ನೌಕರಿ ಕೇಳುತ್ತಾರೆ, ಏಕೆಂದರೆ ಬೆಳೆಯ ರೇಟು, ಮಳೆ ಎರಡನ್ನೂ ನಂಬುವ ಹಾಗಿಲ್ಲ. ಇದಕ್ಕೆ ಹಳೆಯ ಕಾರಣವೂ ಇದೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ರಾಜ್ಯದಲ್ಲಿ 948 ಹೆಣ್ಣು ಇದ್ದವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಅದಕ್ಕಿಂತ ಕೆಳಗಿದ್ದವು. ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಹೊಲದ ಲೆಕ್ಕ, ಹುಟ್ಟಿಸದೆ ಬಿಟ್ಟ ಹೆಣ್ಣುಮಕ್ಕಳ ಲೆಕ್ಕ, ಎರಡೂ ಸೇರಿ ಹುಡುಗನಿಗೆ ಮದುವೆ ಕಷ್ಟವಾಗಿದೆ. ಹಾಡು ಮಾತ್ರ ಆ ಭಾರವನ್ನೆಲ್ಲ ಒಬ್ಬ ಹುಡುಗಿಯ ತಲೆಗೆ ಕಟ್ಟುತ್ತದೆ. ಹಾಡು ಕೇಳುವವನಿಗೆ ಸಿಟ್ಟು ಮಾಡಿಕೊಳ್ಳಲು ಒಂದು ಮುಖ ಸಿಗುತ್ತದೆ, ಹೊಲದ ಸಮಸ್ಯೆ ಹೊಲದಲ್ಲೇ ಉಳಿಯುತ್ತದೆ.

ಇಲ್ಲೇ ಒಂದು ವಿಚಿತ್ರ ಇದೆ. ಇದೇ ನೆಲದ ಹಳೆಯ ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಮೇಳ. ಹರದೇಶಿ ಗಂಡಿನ ಪಕ್ಷ, ನಾಗೇಶಿ ಹೆಣ್ಣಿನ ಪಕ್ಷ. ರಾತ್ರಿಯೆಲ್ಲ ಸವಾಲ್-ಜವಾಬ್ ನಡೆಯುತ್ತದೆ. ಗಂಡಿನ ಪಕ್ಷದವರು ಏನೇ ಹಾಡಿದರೂ ಎದುರಿನವರು ಉತ್ತರ ಕೊಡದೆ ಬಿಡುವುದಿಲ್ಲ. ಜಾನಪದ ಅನ್ನುವ ಹೆಸರು ಇಟ್ಟುಕೊಂಡ ಇವತ್ತಿನ ಹಾಡು ಆ ಪದ್ಧತಿಯಲ್ಲಿ ಸವಾಲನ್ನಷ್ಟೇ ಇಟ್ಟುಕೊಂಡು ಜವಾಬನ್ನು ಬಿಟ್ಟಿದೆ. ಹೆಣ್ಣಿನ ದನಿ ಇದ್ದರೂ ಜಾಸ್ತಿ ಸಲ ಅದು ಅವನ ಮಾತಿಗೆ ಹೂಂ ಅನ್ನುವ ದನಿ.

ನೋಡಿದ್ದನ್ನೆಲ್ಲ ಮಾಡುತ್ತಾರಾ?

ಹಾಡು ಮಾಡುವವರು, ಸಿನಿಮಾದವರು ಕೇಳುವ ಪ್ರಶ್ನೆ ಇದು. ಕೊಲೆ ತೋರಿಸಿದರೆ ಎಲ್ಲರೂ ಕೊಲೆ ಮಾಡುತ್ತಾರಾ? ಮಾತಿನಲ್ಲಿ ಹುರುಳಿದೆ. ಒಂದು ಹಾಡು ಕೇಳಿ ಯಾರೂ ಅಪರಾಧಿ ಆಗುವುದಿಲ್ಲ. ಆದರೆ ಪ್ರಭಾವ ಅಂದರೆ ಅಷ್ಟೇ ಅಲ್ಲ. ನೋಡಿದ್ದು ಯಾವುದನ್ನು ಸಾಮಾನ್ಯ ಅನಿಸುವಂತೆ ಮಾಡುತ್ತದೆ ಅನ್ನುವುದು ಮುಖ್ಯ.

2015ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜೂಲಿಯಾ ಲಿಪ್‌ಮನ್ ಇದನ್ನೇ ಪರೀಕ್ಷಿಸಿದರು. ಯುವತಿಯರಿಗೆ ಸಿನಿಮಾ ತೋರಿಸಿ ಆಮೇಲೆ ಪ್ರಶ್ನೆ ಕೇಳಿದರು. ಬೆನ್ನು ಬೀಳುವ ಗಂಡಸನ್ನು ಮುದ್ದಾಗಿ ತೋರಿಸಿದ ಸಿನಿಮಾ ನೋಡಿ ಅದರಲ್ಲಿ ಮುಳುಗಿದವರು, ಹಿಂಬಾಲಿಸುವುದನ್ನು ಹಗುರವಾಗಿ ಕಾಣುವ ಮಾತುಗಳನ್ನು ಜಾಸ್ತಿ ಒಪ್ಪಿದರು. ಅದೇ ವರ್ತನೆಯನ್ನು ಭಯ ಹುಟ್ಟಿಸುವಂತೆ ತೋರಿಸಿದ ಸಿನಿಮಾ ನೋಡಿದವರು ಕಡಿಮೆ ಒಪ್ಪಿದರು. ಅಂದರೆ ವರ್ತನೆ ಒಂದೇ ಆದರೂ ಹೇಳುವ ರೀತಿ ಅಭಿಪ್ರಾಯ ಬದಲಿಸಿತು. ಅದೇ ವರ್ಷ ಆಸ್ಟ್ರೇಲಿಯದ ಹೋಬಾರ್ಟ್‌ನಲ್ಲಿ ಇಬ್ಬರು ಮಹಿಳೆಯರನ್ನು ಹಿಂಬಾಲಿಸಿದ ಆರೋಪ ಹೊತ್ತ ಭಾರತೀಯ ಮೂಲದ ವ್ಯಕ್ತಿಯ ಪರ ವಕೀಲರು, ಬಾಲಿವುಡ್ ಸಿನಿಮಾ ನೋಡಿ ಇವನು ಇದು ಸರಿ ಅಂದುಕೊಂಡ ಎಂದು ವಾದಿಸಿದರು. ಅವನಿಗೆ ಜೈಲಾಗಲಿಲ್ಲ, ಐದು ವರ್ಷ ಸರಿಯಾಗಿ ನಡೆದುಕೊಳ್ಳಬೇಕು ಎಂಬ ಷರತ್ತು ಹಾಕಿ ಬಿಟ್ಟರು. ವಾದ ಒಪ್ಪುವಂಥದ್ದಲ್ಲ, ಆದರೆ ನಮ್ಮ ಸಿನಿಮಾ ಹೊರದೇಶದ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಂತಿದ್ದಂತೂ ನಿಜ.

ಗ್ಯಾಲಿಷಿಯನ್ ಪಟ್ಟಿಯ ಕೊನೆಯ ಸುಳ್ಳು ಬಹಳ ಜಾಣತನದ್ದು. ಇದೆಲ್ಲ ಬರೀ ಕಥೆ, ಆದ್ದರಿಂದ ನನ್ನ ಮೇಲೆ ಪರಿಣಾಮ ಆಗುವುದಿಲ್ಲ. ಸಮಾಜವಿಜ್ಞಾನಿ ಡಬ್ಲ್ಯು. ಫಿಲಿಪ್ಸ್ ಡೇವಿಸನ್ 1983ರಲ್ಲೇ ಇದನ್ನು ಗುರುತಿಸಿದ್ದರು. ಮಾಧ್ಯಮ ಬೇರೆಯವರನ್ನು ಕೆಡಿಸುತ್ತದೆ, ನನ್ನನ್ನಲ್ಲ ಅಂತ ಜನ ನಂಬುತ್ತಾರೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಮೊದಲು ಎಡವುವುದು ಇಲ್ಲೇ. ಕಾಲೇಜು ಹುಡುಗರು ಹಳ್ಳಿಯ ಹುಡುಗರ ಬಗ್ಗೆ, ಹಳ್ಳಿಯವರು ಸಿಟಿಯವರ ಬಗ್ಗೆ ಬರೆಯುತ್ತಾರೆ. ತಮ್ಮ ಮೊಬೈಲಿನ ಹಿಸ್ಟರಿ ಯಾರೂ ತೆರೆಯುವುದಿಲ್ಲ.

ಹುಡುಗಿ ಸುಮ್ಮನಾಗುವ ದಾರಿ

ಪಾಲಕರ ವಾದ ಸರಳ. ಸಿನಿಮಾ, ಮೊಬೈಲು ಮಕ್ಕಳನ್ನು ಕೆಡಿಸುತ್ತಿವೆ, ಆದ್ದರಿಂದ ದೂರ ಇಡಿ. 2024ರ ಏಪ್ರಿಲ್, ಮೇ ತಿಂಗಳಲ್ಲಿ ಪಕ್ಕದ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆ ಆಯಿತು. ಒಂದು ಕಾಲೇಜಿನ ಆವರಣದಲ್ಲೇ, ಇನ್ನೊಂದು ಮನೆಯಲ್ಲೇ. ಎರಡರ ಹಿಂದೆಯೂ ನಿರಾಕರಣೆಯ ಮಾತು ಕೇಳಿಬಂತು. ಚರ್ಚೆ ಬೇಗನೆ ರಾಜಕೀಯದ ಕಡೆ ಹೊರಳಿತು. ಮನೆಗಳಲ್ಲಿ ಉಳಿದಿದ್ದು ಭಯ. ಆ ಭಯವನ್ನು ತಪ್ಪು ಅನ್ನಲು ಆಗುವುದಿಲ್ಲ.

ಆದರೆ ಭಯ ಯಾವ ನಿರ್ಧಾರಕ್ಕೆ ಒಯ್ಯುತ್ತದೆ ನೋಡಿ. ಒಬ್ಬ ಹುಡುಗ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಹಿಂದೆ ಬರುತ್ತಾನೆ. ಹುಡುಗಿ ಮನೆಯಲ್ಲಿ ಹೇಳಿದರೆ ಮೊದಲ ಮಾತು, “ಸಾಲಿ ಬಿಡಿಸಿ ಮದುವಿ ಮಾಡಿಬಿಡೂಣು.” ತಪ್ಪು ಮಾಡಿದವನು ಅವನು, ಓದು ಹೋಗುವುದು ಅವಳದು. ಇದು ಅವಳಿಗೂ ಗೊತ್ತು. ಆದ್ದರಿಂದ ಅವಳು ಹೇಳುವುದಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಮನಸ್ಸಿದೆ ಅಂತ ಅವನು ತಿಳಿಯುತ್ತಾನೆ. ಹಾಡು ಅವನಿಗೆ ಅದನ್ನೇ ಹೇಳಿಕೊಟ್ಟಿದೆ. ಪಕ್ಕದ ಗೆಳೆಯನೂ, “ಇನ್ನೂ ನಾಕ್ ದಿನ ಬೆನ್ನ ಹತ್ತಲೇ, ಒಪ್ಪತಾಳ” ಅನ್ನುತ್ತಾನೆ. ಅವನು ಇನ್ನೂ ಹತ್ತಿರ ಬರುತ್ತಾನೆ. ಕೊನೆಗೆ ವಿಷಯ ಊರಿಗೆ ಗೊತ್ತಾದಾಗ ಪಾಲಕರಿಗೆ ತಮ್ಮ ಭಯ ನಿಜ ಅನಿಸುತ್ತದೆ. ಪಕ್ಕದ ಮನೆಯವರೂ ತಮ್ಮ ಮಗಳನ್ನು ಕಾಲೇಜು ಬಿಡಿಸುತ್ತಾರೆ.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ದೂರದ ಹಳ್ಳಿಯ ಹುಡುಗಿಗೂ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ದುಡ್ಡಿನ ಅಡ್ಡಿ ಹೋದ ಮೇಲೆ, ಓದು ನಿಲ್ಲಿಸಲು ಉಳಿದ ದೊಡ್ಡ ಕಾರಣಗಳಲ್ಲಿ ಈ ಭಯವೂ ಒಂದು.

ಸರಿಯಾಗಿ ನೋಡಿದರೆ ಬೆನ್ನು ಬೀಳುವ ಹುಡುಗ, ಬಾಗಿಲು ಹಾಕುವ ಮನೆ, ಇಬ್ಬರೂ ನಂಬಿರುವುದು ಒಂದನ್ನೇ. ಹುಡುಗಿಗೆ ತನ್ನ ಮನಸ್ಸು ತನಗೆ ಗೊತ್ತಿಲ್ಲ. ಅವಳ ಒಲ್ಲೆಯನ್ನು ಅವನು ಲೆಕ್ಕಕ್ಕೆ ಇಡುವುದಿಲ್ಲ. ಅವಳ ಹೂಂ ಅನ್ನು ಇವರು ಲೆಕ್ಕಕ್ಕೆ ಇಡುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ ಆದದ್ದು ಇದರ ಅತಿ ಕ್ರೂರ ರೂಪ. ಹುಡುಗಿಯ ನಿಶ್ಚಿತಾರ್ಥ ಬೇರೆ ಕಡೆ ಗೊತ್ತಾಗಿತ್ತು. ಅವಳು ತಾನು ಇಷ್ಟಪಟ್ಟವನ ಜೊತೆ ಹೋದಳು. ಸಿಟ್ಟು ತೀರಿಸಿಕೊಂಡಿದ್ದು ಹುಡುಗನ ತಾಯಿಯ ಮೇಲೆ. ಆಕೆಯನ್ನು ಬೆತ್ತಲೆ ಮಾಡಿ ಮೆರವಣಿಗೆ ಮಾಡಿ ಕಂಬಕ್ಕೆ ಕಟ್ಟಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು.

ಆದ್ದರಿಂದ ಸಿನಿಮಾ ಮಕ್ಕಳನ್ನು ಕೆಡಿಸಿತು ಅಂತ ಮುಗಿಸುವ ಪ್ರಾಜೆಕ್ಟ್ ಸುಮ್ನೆ ದುರ್ಬಲ ಅಷ್ಟೇ ಅಲ್ಲ, ಅಪಾಯದ್ದೂ ಹೌದು. ಪಾಲಕರ ಸಭೆಯಲ್ಲಿ ಅದನ್ನು ಓದಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮಾರನೆಯ ವಾರ ಇಬ್ಬರು ಹುಡುಗಿಯರ ಫೋನು ಹೋಗಿರುತ್ತದೆ.

ಪೋಸ್ಟರ್ ಯಾಕೆ ಸಾಲದು

ಗುಂಪಾಗಿ ಸಮಾಜದ ಕೆಲಸ ಮಾಡುವುದು ಕಾಲೇಜುಗಳಿಗೆ ಹೊಸದಲ್ಲ. 1969ರಿಂದ ಎನ್‌ಎಸ್‌ಎಸ್ ಇದೆ, ಏಳು ದಿನದ ಕ್ಯಾಂಪು ಇದೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಮಾಜದ ಜೊತೆ ಬೆರೆಯುವ ಒಂದು ಕೋರ್ಸನ್ನೇ ಇಟ್ಟಿದೆ. ಅದರಲ್ಲಿ ಗಿಡ ನೆಡುವುದು, ಪಾರಂಪರಿಕ ನಡಿಗೆ, ಸಾವಯವ ಕೃಷಿ, ನೀರು ಉಳಿಸುವುದು, ಊರಿನ ತಿಂಡಿ ತಿನಿಸು, ಎಲ್ಲ ಇವೆ. ಒಳ್ಳೆಯವೇ. ಯಾರಿಗೂ ಮುಜುಗರ ಆಗದ ವಿಷಯಗಳೂ ಹೌದು.

ಸಂಬಂಧದ ವಿಷಯ ಹಿಡಿದಾಗಲೂ ಅದೇ ಅಚ್ಚು. ಒಂದು ಬೀದಿ ನಾಟಕ, ನಾಲ್ಕು ಪೋಸ್ಟರ್, ಗೂಗಲ್ ಫಾರ್ಮ್‌ನಲ್ಲಿ ಐವತ್ತು ಉತ್ತರ, ಪೈ ಚಾರ್ಟ್, ಪ್ರಿನ್ಸಿಪಾಲರ ಜೊತೆ ಫೋಟೊ. ಜಾಗೃತಿ ಮೂಡಿತು ಅಂತ ವರದಿಯ ಕೊನೆಯ ಸಾಲು. ಮೂಡಿತೋ ಇಲ್ಲವೋ ಯಾರೂ ನೋಡಿರುವುದಿಲ್ಲ.

ಇದು ಎಷ್ಟು ಕಷ್ಟದ ಕೆಲಸ ಅನ್ನುವುದಕ್ಕೆ ಇಲ್ಲಿಯದೇ ಉದಾಹರಣೆ ಇದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಸಮತಾ ಅನ್ನುವ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಲಿ, ಬೇಗ ಮದುವೆ ಆಗದಿರಲಿ ಅನ್ನುವುದು ಗುರಿ. ಹುಡುಗಿಯರು, ಹುಡುಗರು, ಮನೆಯವರು, ಶಾಲೆ, ಎಲ್ಲರ ಜೊತೆ ವರ್ಷಗಟ್ಟಲೆ ಕೆಲಸ ಆಯಿತು. ಕಾರ್ಯಕ್ರಮ ನಡೆದ ಊರು, ನಡೆಯದ ಊರುಗಳನ್ನು ಹೋಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ನೋಡಿದಾಗ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅದನ್ನು ಮುಚ್ಚಿಡದೆ ಬರೆದರು ಅನ್ನುವುದು ದೊಡ್ಡದು.

ಹರಿಯಾಣದಲ್ಲಿ ಬೇರೆ ಫಲಿತಾಂಶ ಬಂತು. ಅಲ್ಲಿ 314 ಸರ್ಕಾರಿ ಶಾಲೆಗಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ಕೆಲವಲ್ಲಿ ಎರಡೂವರೆ ವರ್ಷ ಗಂಡು-ಹೆಣ್ಣಿನ ಸಮಾನತೆ ಬಗ್ಗೆ ಕ್ಲಾಸಿನಲ್ಲಿ ಚರ್ಚೆ ಮಾಡಿಸಿದರು. ಮಕ್ಕಳ ಅಭಿಪ್ರಾಯ ಬದಲಾಯಿತು, ಎರಡು ವರ್ಷ ಕಳೆದ ಮೇಲೂ ಉಳಿಯಿತು. ಆದರೆ ನಡವಳಿಕೆ ಹುಡುಗರಲ್ಲೇ ಜಾಸ್ತಿ ಬದಲಾಯಿತು. ಹುಡುಗಿಯರಿಗೆ ಮನಸ್ಸು ಬದಲಾದರೂ ಅದರಂತೆ ನಡೆಯಲು ಮನೆಯವರು, ಊರವರು ಅವಕಾಶ ಕೊಡಬೇಕಲ್ಲ.

ಎರಡನ್ನೂ ಸೇರಿಸಿ ನೋಡಿದರೆ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಊರನ್ನು ತಿದ್ದುತ್ತದೆ ಅನ್ನುವ ಆಸೆ ಬಿಡಬೇಕಾಗುತ್ತದೆ. ಅದು ಮಾಡಬಹುದಾದ ಸಣ್ಣ ಕೆಲಸ ಬೇರೆಯೇ ಇದೆ.

ಜನರನ್ನು ಬಿಟ್ಟು ಹಾಡನ್ನು ಎಣಿಸಿ

ಮೊದಲು ಒಂದು ಎಚ್ಚರಿಕೆ. ಸರ್ವೆ ಅಂದ ಕೂಡಲೇ ವಿದ್ಯಾರ್ಥಿಗಳು, ನಿಮಗೆ ಪ್ರೇಮಿ ಇದ್ದಾರಾ, ಸಂಬಂಧ ಎಲ್ಲಿಯವರೆಗೆ ಹೋಗಿದೆ ಅಂತೆಲ್ಲ ಕೇಳಲು ಹೋಗುತ್ತಾರೆ. ಪಿಯು ಮಕ್ಕಳಲ್ಲಿ ಬಹುತೇಕರು 18ರ ಕೆಳಗಿನವರು. ಅವರಲ್ಲಿ ಯಾರಾದರೂ ದೈಹಿಕ ಸಂಬಂಧದ ಬಗ್ಗೆ ಹೇಳಿದರೆ, ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹೆಸರು ಬರೆಯಬೇಡಿ ಅಂತ ಹೇಳಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಒಂದು ಕ್ಲಾಸಿನಲ್ಲಿ ಕೈಬರಹ ಯಾರದು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮಾರ್ಗದರ್ಶನ ಮಾಡುವ ಸರ್, ಮೇಡಂ ಇದನ್ನು ಮೊದಲ ದಿನವೇ ಹೇಳಬೇಕು. ಅಂಕಕ್ಕಾಗಿ ಕೇಳಿದ ಪ್ರಶ್ನೆ ಒಬ್ಬ ಹುಡುಗಿಯನ್ನು ಠಾಣೆಯವರೆಗೆ ಒಯ್ಯಬಾರದು.

ಹಾಡು, ಸೀರಿಯಲ್, ರೀಲ್ಸ್ ಎಣಿಸುವುದಕ್ಕೆ ಈ ಅಡ್ಡಿ ಇಲ್ಲ. ಗುಂಪಿನವರು ತಾವೇ ಕೇಳುವ, ವ್ಯೂಸ್ ಜಾಸ್ತಿ ಇರುವ ಮೂವತ್ತೋ ನಲವತ್ತೋ ಹಾಡು ಆರಿಸಿಕೊಳ್ಳಲಿ. ಪ್ರತಿ ಹಾಡಿಗೂ ಅವೇ ಪ್ರಶ್ನೆ ಕೇಳಲಿ. ಹುಡುಗಿ ಮಾತಾಡುತ್ತಾಳಾ? ಒಲ್ಲೆ ಅಂದಳಾ? ಅಂದ ಮೇಲೆ ಹುಡುಗ ಏನು ಮಾಡಿದ? ನಿಂತನಾ, ಮುಂದುವರಿಸಿದನಾ, ಬೆದರಿಸಿದನಾ? ಕೊನೆಗೆ ತಪ್ಪು ಯಾರ ಮೇಲೆ ಬಂತು? ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಕೂತು ತುಂಬಲಿ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರ ಉತ್ತರ ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ನಿಜವಾದ ಪ್ರಾಜೆಕ್ಟ್ ಇದೆ. ಅವನಿಗೆ ತಮಾಷೆ ಅನಿಸಿದ್ದು ಅವಳಿಗೆ ಬೆದರಿಕೆ ಅನಿಸಿರುತ್ತದೆ. ಯಾಕೆ ಅಂತ ಇಬ್ಬರೂ ಒಂದು ಟೇಬಲ್ಲಿಗೆ ಕೂತು ಮಾತಾಡುವುದು ಪೋಸ್ಟರಿಗಿಂತ ಎಷ್ಟೋ ಮೇಲು.

ಆಮೇಲೆ ಬೀದಿ ನಾಟಕದ ಬದಲು ಜವಾಬ್ ಬರೆಯಲಿ. ಟ್ರೆಂಡ್ ಆದ ಒಂದು ಹಾಡಿಗೆ ನಾಗೇಶಿ ಪಕ್ಷದಿಂದ, ಅದೇ ಧಾಟಿಯಲ್ಲಿ. ಹಾಡು ಮಾಡುವವರನ್ನು ಬೈಯುವ ಅಗತ್ಯ ಇಲ್ಲ. ಅವರಲ್ಲಿ ಬಹಳ ಜನ ಇದೇ ಊರುಗಳ ಬಡ ಮನೆಯ ಹುಡುಗರು. ಕಾಲೇಜು ಓದಿದವರು ಅವರ ಹಾಡನ್ನು ಕೀಳು ಅಂದರೆ ಅದು ಇನ್ನೊಂದು ರೀತಿಯ ಸೊಕ್ಕು. ಉತ್ತರ ಹಾಡಿದರೆ ಅವರೂ ಕೇಳುತ್ತಾರೆ. ವಿಜಯಪುರದಲ್ಲಿರುವ ರಾಜ್ಯದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಿಂದ ಅಕ್ಕಮಹಾದೇವಿಯ ಹೆಸರಿದೆ. ರಾಜ ಕೌಶಿಕನನ್ನು ಬಿಟ್ಟು ಹೊರಟವಳ ಹೆಸರಿನ ಕ್ಯಾಂಪಸ್ಸಿನಲ್ಲಿ ಇಂಥ ಜವಾಬಿಗೆ ಹೆಣ್ಣುಮಕ್ಕಳ ಕೊರತೆ ಆಗಲಾರದು.

ವರದಿ ಯಾರ ಟೇಬಲ್ಲಿಗೆ ಹೋಗಬೇಕು

ಮಹಿಳಾ ಸಂಘಟನೆಯವರು, ವಕೀಲರು ಎತ್ತುವ ಆಕ್ಷೇಪ ಒಂದಿದೆ. ಹಿಂಬಾಲಿಸುವುದು ಅಪರಾಧ, ಅದಕ್ಕೆ ಬೇಕಾದ್ದು ದೂರು, ತನಿಖೆ. ಮನಸ್ಸು ಬದಲಿಸುವ ಮಾತು ಅಪರಾಧವನ್ನು ಹಗುರ ಮಾಡುತ್ತದೆ. ಈ ಆಕ್ಷೇಪಕ್ಕೆ ಬರೀ ಮಾತಿನ ಉತ್ತರ ಸಾಲದು. ಪ್ರಾಜೆಕ್ಟ್ ದೂರಿನ ದಾರಿಯನ್ನೂ ಪರೀಕ್ಷೆ ಮಾಡಬೇಕು.

2015ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳ ಪ್ರಕಾರ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಅದರಲ್ಲಿರಬೇಕು. ದೂರು ಕೊಡಲು ಮೂರು ತಿಂಗಳ ಅವಧಿ ಇದೆ, ಕಾರಣ ಇದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಸಮಿತಿಯ ಹೆಸರುಗಳು ನೋಟಿಸ್ ಬೋರ್ಡಿನಲ್ಲಿ ಇವೆಯಾ? ಕ್ಲಾಸಿನ ಎಷ್ಟು ಜನರಿಗೆ ಅಧ್ಯಕ್ಷರು ಯಾರು ಅಂತ ಗೊತ್ತು? ದೂರು ಕೊಟ್ಟವಳ ಮನೆಗೆ ಫೋನ್ ಮಾಡುವ ಮುಂಚೆ ಅವಳನ್ನು ಕೇಳುತ್ತಾರಾ? ಈ ಮೂರು ಪ್ರಶ್ನೆಗೆ ಯಾರ ಗುಟ್ಟೂ ಬೇಕಾಗಿಲ್ಲ. ಮೂರನೆಯದು ಮಾತ್ರ ಬಹಳ ಮುಖ್ಯ. ಮನೆಗೆ ತಿಳಿಯುತ್ತದೆ ಅನ್ನುವ ಭಯದಿಂದಲೇ ಹೆಚ್ಚಿನ ದೂರು ಬಾಯಿಗೆ ಬರುವುದಿಲ್ಲ. ಆ ಒಂದು ಪದ್ಧತಿ ಬದಲಾದರೂ ಹುಡುಗಿ ಸುಮ್ಮನಾಗುವ ದಾರಿ ಒಂದು ಕಡೆ ಕಡಿಯುತ್ತದೆ. ಮಹಿಳೆಯರ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098 ಇವೆ. ಇವನ್ನು ಬಸ್ಸಿನ ಸೀಟಿನ ಹಿಂದೆ ಬರೆಯಿಸಲು ಡಿಪೊ ಮ್ಯಾನೇಜರಿಗೆ ಒಂದು ಅರ್ಜಿ ಕೊಡುವುದೂ ಪ್ರಾಜೆಕ್ಟಿನ ಭಾಗವೇ ಆಗಬಹುದು.

ಇನ್ನು ಅಂಕ. ನಾಟಕ ಚೆನ್ನಾಗಿತ್ತಾ, ಫೈಲಿಗೆ ಸ್ಪೈರಲ್ ಹಾಕಿಸಿದ್ದಾರಾ ಅಂತ ನೋಡಿ ಅಂಕ ಕೊಟ್ಟರೆ ಮುಂದಿನ ವರ್ಷವೂ ನಾಟಕ, ಸ್ಪೈರಲ್ಲೇ ಬರುತ್ತವೆ. ಎಣಿಸಿದ ಪಟ್ಟಿ, ಇಬ್ಬರ ಉತ್ತರ ಹೊಂದದ ಜಾಗ, ಸಮಿತಿಗೆ ಕೊಟ್ಟ ವರದಿಯ ಪ್ರತಿ, ಸಮಿತಿ ಅದಕ್ಕೆ ಕೊಟ್ಟ ಲಿಖಿತ ಉತ್ತರ, ಇವಕ್ಕೆ ಅಂಕ ಇಡಬಹುದು. ಸಮಿತಿ ಉತ್ತರ ಕೊಡಲಿಲ್ಲ ಅಂದರೆ ಅದನ್ನೂ ವರದಿಯಲ್ಲಿ ಬರೆಯಲಿ, ಅದಕ್ಕೆ ಅಂಕ ಕಡಿಯುವುದು ಬೇಡ. ಪ್ರಶ್ನೆಪಟ್ಟಿ ವಿಭಾಗದ ಹತ್ತಿರ ಉಳಿದರೆ ಮುಂದಿನ ಬ್ಯಾಚಿನವರು ಹೊಸ ಹಾಡುಗಳ ಮೇಲೆ ಅದನ್ನೇ ಮತ್ತೆ ತುಂಬಬಹುದು, ಹಿಂದಿನ ವರ್ಷದ ಲೆಕ್ಕದ ಪಕ್ಕ ಇಟ್ಟು ನೋಡಬಹುದು.